ಸೈನಿಕನ ಕಾಲಿಗೆ ಯಾವ ಬೂಟು? ಯುದ್ಧಕಾಲದ ಸಮವಸ್ತ್ರ ಪ್ರದರ್ಶನದಲ್ಲಿ ಪಾದರಕ್ಷೆಯ ಆಯ್ಕೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ. ವಿದ್ಯಾನಗರ, ಕಾಸರಗೋಡು.)

ನನ್ನ ದನಿ ಕೇಳಿಸ್ತಾ ಉಂಟು ಅಂತ ಭಾವಿಸಿ ಶುರು ಮಾಡ್ತೇನೆ.

ಇವತ್ತಿನ ವಿಷಯ ತುಂಬಾ ಚಿಕ್ಕದು ಅಂತ ಅನ್ನಿಸಬಹುದು. ಒಂದು ಪ್ರದರ್ಶನದಲ್ಲಿ ಯುದ್ಧಕಾಲದ ಸೈನಿಕನ ಸಮವಸ್ತ್ರ ನಿಲ್ಲಿಸ್ತೇವೆ. ಅಂಗಿ, ಪೇಟ ಅಥವಾ ಟೋಪಿ, ಸೊಂಟಪಟ್ಟಿ, ಪದಕ ಎಲ್ಲವನ್ನೂ ಹುಡುಕಿ ಹೊಂದಿಸ್ತೇವೆ. ಕೊನೆಗೆ ಕಾಲು ಉಳಿಯುತ್ತದೆ. ಆಗ ಯಾರಾದರೂ ಎನ್‌ಸಿಸಿ ಕೆಡೆಟ್‌ನ ಕಪ್ಪು ಬೂಟು ತಂದು ಹಾಕ್ತಾರೆ. ಫೋಟೋ ತೆಗೆಯುವಾಗ ಚೆನ್ನಾಗಿಯೇ ಕಾಣ್ತದೆ. ಆದರೆ ಆ ಬೂಟಿನ ಅಟ್ಟೆ ಅಚ್ಚಿನಲ್ಲಿ ಎರಕ ಹೊಯ್ದು ಕೂಡಿಸಿದ ರಬ್ಬರು. 1918ರ ಸೈನಿಕನಿಗೆ ಅಂಥದ್ದು ಗೊತ್ತೇ ಇರಲಿಲ್ಲ. ಮೇಲೆ ಒಂದು ಶತಮಾನ, ಕೆಳಗೆ ಇನ್ನೊಂದು ಶತಮಾನ.

"ಅಷ್ಟು ಸಣ್ಣ ವಿಚಾರಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?" ಅಂತ ಕೇಳುವವರಿಗೆ ನನ್ನ ಉತ್ತರ ಇದು. ಸೈನಿಕನ ಮೈಮೇಲಿನ ಉಳಿದ ವಸ್ತುಗಳು ಹೆಚ್ಚಾಗಿ ಅವನ ದಳದ ಹೆಮ್ಮೆಯನ್ನು ಹೇಳ್ತವೆ. ಬೂಟು ಮಾತ್ರ ಅವನನ್ನು ಕಳಿಸಿದವರು ಅವನ ಬಗ್ಗೆ ಎಷ್ಟು ಯೋಚನೆ ಮಾಡಿದ್ದರು ಅನ್ನುವುದನ್ನು ಹೇಳ್ತದೆ. ಅದನ್ನು ತಪ್ಪಾಗಿ ಆರಿಸಿದರೆ ಇತಿಹಾಸದ ಆ ಭಾಗವನ್ನೇ ಅಳಿಸಿದ ಹಾಗೆ.

1. ಹೊಸ್ತಿಲ ಹೊರಗೆ ಉಳಿದ ವಸ್ತು

ಮೊದಲನೆಯ ತೊಡಕು, ಹಳೆಯ ಬೂಟು ಸಿಗುವುದೇ ಇಲ್ಲ. ಸೈನ್ಯದಲ್ಲಿದ್ದ ಅಜ್ಜನ ಪದಕ ಮನೆಯ ಕಪಾಟಿನಲ್ಲಿ ಇರ್ತದೆ. ಬಿಡುಗಡೆ ಪತ್ರ ಪೆಟ್ಟಿಗೆಯಲ್ಲಿ ಇರ್ತದೆ. ಉಣ್ಣೆಯ ಕೋಟು ಕೂಡ ಕೆಲವೊಮ್ಮೆ ಸಿಗ್ತದೆ. ಬೂಟು ಸಿಗುವುದಿಲ್ಲ. ಕಾರಣ ಸರಳ. ಒಂದು, ಬೂಟು ಅನ್ನುವುದು ಸವೆಯುವ ವಸ್ತು. ಊರಿಗೆ ಬಂದ ಮೇಲೂ ತೋಟಕ್ಕೆ, ಪೇಟೆಗೆ ಅದನ್ನೇ ಹಾಕಿ ಸವೆಸಿರುತ್ತಾರೆ. ಎರಡು, ನಮ್ಮ ಮನೆಗಳಲ್ಲಿ ಮೆಟ್ಟು ಹೊಸ್ತಿಲು ದಾಟುವುದಿಲ್ಲ. ಜಗಲಿಯ ಕೆಳಗೋ ಹಟ್ಟಿಯ ಮೂಲೆಯಲ್ಲೋ ಇಟ್ಟ ತೊಗಲು ನಮ್ಮ ಕರಾವಳಿಯ ನಾಲ್ಕು ಮಳೆಗಾಲ ತಡೆಯುವುದು ಕಷ್ಟ. ಮೂರು, ತೊಗಲಿನ ಕೆಲಸಕ್ಕೆ ಅಂಟಿಸಿದ ಮೈಲಿಗೆಯ ಭಾವನೆ. ಬೂಟು ಹೊಲಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ, ಹೊಲಿದ ಬೂಟನ್ನೂ ಯಾರೂ ಎತ್ತಿಡಲಿಲ್ಲ.

ಬ್ರಿಟಿಷ್ ಕಾಲದಲ್ಲಿ ಭಾರತದ ಸೈನ್ಯಕ್ಕೆ ಬೂಟು, ಜೀನು, ತೊಗಲಿನ ಪಟ್ಟಿಗಳನ್ನು ಒದಗಿಸಿದ ದೊಡ್ಡ ಕೇಂದ್ರ ಕಾನ್ಪುರ. ಅಲ್ಲಿ ಸರಕಾರದ್ದೇ ಆದ ಜೀನು ಕಾರ್ಖಾನೆ ಇತ್ತು. ಕೂಪರ್ ಅಲೆನ್ ಎಂಬ ಖಾಸಗಿ ಕಂಪೆನಿಯೂ ಇತ್ತು. ಎರಡೂ ಮಹಾಯುದ್ಧಗಳಲ್ಲಿ ಈ ನಗರದ ಬೂಟುಗಳು ಸಮುದ್ರ ದಾಟಿ ಹೋದವು. ಅಲ್ಲಿ ಹದ ಮಾಡುವ, ಕತ್ತರಿಸುವ, ಹೊಲಿಯುವ ಕೆಲಸದಲ್ಲಿ ಇದ್ದವರು ಬಹುಮಟ್ಟಿಗೆ ದಲಿತರು ಮತ್ತು ಬಡ ಮುಸ್ಲಿಮರು. ಹಾಗಾಗಿ ನಾವು ನಿಲ್ಲಿಸುವ ಸೈನಿಕನ ಕಾಲಿನ ಬಳಿ ಇನ್ನೂ ಕೆಲವರು ನಿಂತಿದ್ದಾರೆ ಅಂತ ತಿಳಿದುಕೊಳ್ಳಬೇಕು.

2. ಕೇಳಬೇಕಾದ ನಾಲ್ಕು ಪ್ರಶ್ನೆ

ಬೂಟು ಆರಿಸುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಯಾವ ವರ್ಷ? ಯಾವ ನೆಲ? ಯಾವ ದಳ ಮತ್ತು ಯಾವ ದರ್ಜೆ? ಸಾಮಾನು ಒದಗಿಸಿದವರು ಯಾರು?

ಮೂರನೆಯ ಪ್ರಶ್ನೆಯಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಎಚ್ಚರ ಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಆಡಳಿತ ಮದರಾಸಿನದ್ದು. 1944ರಲ್ಲಿ ಇಲ್ಲಿಂದ ಸೇರಿದವರನ್ನು "ಕೇರಳದ ಸೈನಿಕ" ಅಂತ ಹುಡುಕಿದರೆ ದಾಖಲೆ ಸಿಗುವುದಿಲ್ಲ. ಮದರಾಸು ಪ್ರಾಂತದವನು ಅಂತ ಹುಡುಕಬೇಕು. ಅವನು ಮದ್ರಾಸ್ ರೆಜಿಮೆಂಟಿನ ಕಾಲಾಳು ಆಗಿರಬಹುದು, ಬೆಂಗಳೂರಿನಲ್ಲಿ ಕೇಂದ್ರ ಇರುವ ಮದ್ರಾಸ್ ಸ್ಯಾಪರ್ಸ್‌ನವನಾಗಿರಬಹುದು, ಲಾರಿ ಓಡಿಸುವ ಸರಬರಾಜು ದಳದವನೂ ಆಗಿರಬಹುದು. ದಳ ಗೊತ್ತಾಗದೆ ಕಾಲಿಗೆ ಏನು ಹಾಕಬೇಕು ಅಂತ ಗೊತ್ತಾಗುವುದಿಲ್ಲ.

ಈ ಪ್ರಶ್ನೆಗಳು ಹೇಗೆ ಕೆಲಸ ಮಾಡ್ತವೆ ಅಂತ ಮೂರು ವರ್ಷಗಳನ್ನು ತೆಗೆದುಕೊಂಡು ನೋಡುವ: 1918, 1945, 1962. ಮೂರೂ ಕನ್ನಡ ಓದುಗರಿಗೆ ಯಾವುದೋ ರೀತಿಯಲ್ಲಿ ಪರಿಚಯದ ಯುದ್ಧಗಳು.

3. ಹೈಫಾ, 1918: ಮೈಸೂರು ಲ್ಯಾನ್ಸರ್ಸ್

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಭಾರತೀಯ ಕುದುರೆ ದಳದವರು ಹಿಡಿದರು. ಮುಖ್ಯ ದಾಳಿ ಜೋಧಪುರ ಲ್ಯಾನ್ಸರ್ಸ್‌ನದ್ದು. ಮೈಸೂರು ಲ್ಯಾನ್ಸರ್ಸ್‌ನ ಒಂದು ಭಾಗ ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳತ್ತ ಹತ್ತಿತು. ಇವರು ಬ್ರಿಟಿಷ್ ಭಾರತ ಸೈನ್ಯದ ನೇರ ದಳ ಅಲ್ಲ, ಮೈಸೂರು ಸಂಸ್ಥಾನ ಸಾಕಿದ ದಳ. ಇಂಪೀರಿಯಲ್ ಸರ್ವಿಸ್ ಅನ್ನುವ ಏರ್ಪಾಟಿನಲ್ಲಿ ಯುದ್ಧಕ್ಕೆ ಹೋದವರು. ಹಾಗಾಗಿ ನಾಲ್ಕನೆಯ ಪ್ರಶ್ನೆ ಇಲ್ಲಿ ಮುಖ್ಯ. ಊರಿನಿಂದ ಹೊರಡುವಾಗಿನ ಉಡುಪು ಸಂಸ್ಥಾನದ ಖರ್ಚಿನದ್ದು; ನಾಲ್ಕು ವರ್ಷ ಮರಳಿನಲ್ಲಿ ಸವೆದ ಮೇಲಿನ ಬದಲಿ ಸಾಮಾನಿನ ವಿಚಾರವೇ ಬೇರೆ. 1914ರ ಫೋಟೋ ನೋಡಿ 1918ರ ಕಾಲಿಗೆ ಬೂಟು ಹಾಕಬಾರದು.

ಕುದುರೆ ಸವಾರ ಅಂದ ಕೂಡಲೇ ನಮ್ಮ ಕಣ್ಣಿಗೆ ಮೊಣಕಾಲವರೆಗಿನ ಉದ್ದ ಬೂಟು ಬರ್ತದೆ. ಸಿನೆಮಾದಲ್ಲಿ ನೋಡಿದ್ದು ಹಾಗೆ. ಆದರೆ ಆ ಕಾಲದ ಯುದ್ಧಭೂಮಿಯಲ್ಲಿ ಉದ್ದ ಬೂಟು ಹೆಚ್ಚಾಗಿ ಅಧಿಕಾರಿಗಳದ್ದು. ಸಾಮಾನ್ಯ ಸವಾರನಿಗೆ ಹರಡಿನವರೆಗಿನ ಕಂದು ತೊಗಲಿನ ಬೂಟು, ಅದರ ಮೇಲೆ ಸುತ್ತಿದ ಉಣ್ಣೆಯ ಪಟ್ಟಿ, ಹಿಮ್ಮಡಿಗೆ ಕಟ್ಟಿದ ಲೋಹದ ಸ್ಪರ್. ಈ ಪಟ್ಟಿಗೆ ಇಂಗ್ಲಿಷಿನವರು "ಪಟೀ" ಅಂತಾರೆ. ಪದ ನಮ್ಮದೇ, ಹಿಂದಿಯ "ಪಟ್ಟಿ"ಯಿಂದ ಹೋದದ್ದು. ಹಿಮಾಲಯದ ಕಡೆಯ ಜನ ಕಾಲಿಗೆ ಸುತ್ತಿಕೊಳ್ಳುತ್ತಿದ್ದದ್ದನ್ನು ಸೈನ್ಯ ತೆಗೆದುಕೊಂಡಿತು.

ಪಟ್ಟಿ ಸುತ್ತುವ ದಿಕ್ಕಿನಲ್ಲೇ ದಳ ಗೊತ್ತಾಗ್ತದೆ ನೋಡಿ. ಕಾಲಾಳು ಹರಡಿನಿಂದ ಮೇಲಕ್ಕೆ ಸುತ್ತಿ ಮೊಣಕಾಲಿನ ಕೆಳಗೆ ದಾರ ಕಟ್ತಾನೆ. ಸವಾರ ಮೊಣಕಾಲಿನ ಕೆಳಗಿನಿಂದ ಕೆಳಕ್ಕೆ ಸುತ್ತಿ ಹರಡಿನ ಹತ್ತಿರ ಕಟ್ತಾನೆ. ಮೇಲೆ ಗಂಟು ಇದ್ದರೆ ಅದು ಕುದುರೆಯ ಜೀನಿಗೆ ಉಜ್ಜುತ್ತದೆ. ಮೈಸೂರು ಲ್ಯಾನ್ಸರ್ ಅಂತ ಫಲಕ ಹಾಕಿ ಕಾಲಾಳಿನ ಹಾಗೆ ಪಟ್ಟಿ ಸುತ್ತಿದರೆ, ಗೊತ್ತಿದ್ದವರು ಮೊದಲು ನೋಡುವುದು ಅದನ್ನೇ. ಇದನ್ನು ಸರಿಪಡಿಸಲಿಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬೂಟಿನ ಬಗ್ಗೆ ಇನ್ನೆರಡು ಗುರುತು. ಮೊದಲ ಮಹಾಯುದ್ಧದ ಬ್ರಿಟಿಷ್ ಮಾದರಿಯ ರಣರಂಗದ ಬೂಟಿನಲ್ಲಿ ಬೆರಳಿನ ಮೇಲೆ ಪ್ರತ್ಯೇಕ ತೊಗಲಿನ ತುಂಡು, ಅಂದರೆ ಟೋ ಕ್ಯಾಪ್, ಸಾಮಾನ್ಯವಾಗಿ ಇರುತ್ತಿರಲಿಲ್ಲ, ಮುಂಭಾಗ ಸಪಾಟು. ಲೇಸ್ ಹೋಗುವುದು ತೂತುಗಳಲ್ಲಿ. ಈಗಿನ ಹಾಗೆ ಕೊಕ್ಕೆಗಳಲ್ಲಿ ಅಲ್ಲ.

ಹೈಫಾದ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ಸ್ಮಾರಕ ಉಂಟು. ಜೋಧಪುರ, ಹೈದರಾಬಾದ್, ಮೈಸೂರು ದಳಗಳ ಪ್ರತಿನಿಧಿಗಳಾಗಿ ಮೂರು ಪ್ರತಿಮೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಪ್ರತಿಮೆ ನೋಡಿ ಬೂಟು ಆರಿಸಬಹುದಾ? ನನ್ನ ಅಭಿಪ್ರಾಯದಲ್ಲಿ ಪ್ರತಿಮೆಯೊಂದೇ ಸಾಲದು. ಪ್ರತಿಮೆ ಯುದ್ಧ ಮುಗಿದ ಮೇಲೆ, ಗೌರವಕ್ಕಾಗಿ ಮಾಡಿದ್ದು. ಹಾಗೆಯೇ ಮೈಸೂರು ಲ್ಯಾನ್ಸರ್ಸ್‌ನ ಪರಂಪರೆ ಇವತ್ತು 1953ರಲ್ಲಿ ರಚನೆಯಾದ 61ನೇ ಕ್ಯಾವಲ್ರಿಯಲ್ಲಿ ಮುಂದುವರಿದಿದೆ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನಾವು ಕಾಣುವುದು ಅದರ ವಿಧ್ಯುಕ್ತ ಉಡುಪು. ಅದನ್ನು 1918ಕ್ಕೆ ಎತ್ತಿ ಇಡಲಿಕ್ಕೆ ಆಗುವುದಿಲ್ಲ.

4. ಅರಕಾನ್, 1945: ಕೆಸರಿನ ಯುದ್ಧ

ಎರಡನೆಯದು ಬರ್ಮಾದ ಅರಕಾನ್ ಕರಾವಳಿ. ಕೊಡಗಿನ ಕೆ.ಎಸ್. ತಿಮ್ಮಯ್ಯ ಅಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕರಾಗಿದ್ದರು. 1945ರ ಆರಂಭದ ಕಾಂಗಾ ಕಾಳಗದಲ್ಲಿ ಅವರ ಬೆಟಾಲಿಯನ್ ಇತ್ತು. ಮಡಿಕೇರಿಯಲ್ಲಿ ಅವರ ಮನೆ "ಸನ್ನಿಸೈಡ್" 2021ರಿಂದ ವಸ್ತುಸಂಗ್ರಹಾಲಯ ಆಗಿದೆ. ಹೋಗದವರು ಒಮ್ಮೆ ಹೋಗಿ ಬನ್ನಿ.

ಕಾಂಗಾದ ನೆಲ ಹೇಗಿತ್ತು ಅಂತ ನಮಗೆ ವಿವರಿಸಬೇಕಾಗಿಲ್ಲ. ಉಬ್ಬರದ ನೀರು ಒಳಗೆ ಬರುವ ತೋಡುಗಳು, ಕಾಂಡ್ಲಾ ಗಿಡ, ಕಾಲು ಹೂತುಹೋಗುವ ಕೆಸರು. ನಮ್ಮ ಅಳಿವೆಗಳ ಬದಿಯಲ್ಲಿ ನಡೆದವರಿಗೆ ಗೊತ್ತುಂಟು. ಆ ಉಪ್ಪು ಕೆಸರಿನಲ್ಲಿ ತೊಗಲು ಒಣಗುವುದೇ ಇಲ್ಲ. ಹೊಲಿಗೆಯ ನೂಲು ಮೊದಲು ಕೊಳೆಯುತ್ತದೆ.

ಆ ಕಾಲದ ಸಾಮಾನ್ಯ ಬೂಟು "ಅಮ್ಯುನಿಷನ್ ಬೂಟು". ಗುಂಡಿಗೂ ಇದಕ್ಕೂ ಸಂಬಂಧ ಏನು ಅಂತ ಕೇಳ್ತೀರಿ. ಮದ್ದುಗುಂಡು ಒದಗಿಸುವ ಸರಕಾರಿ ಉಗ್ರಾಣವೇ ಬೂಟನ್ನೂ ಒದಗಿಸುತ್ತಿತ್ತು, ಆ ಹೆಸರು ಉಳಿಯಿತು ಅನ್ನುತ್ತಾರೆ. ಇದಕ್ಕೆ ಟೋ ಕ್ಯಾಪ್ ಉಂಟು. ತೊಗಲಿನ ಅಟ್ಟೆಯಲ್ಲಿ ಕಬ್ಬಿಣದ ಮೊಳೆಗಳ ಸಾಲು, ಹಿಮ್ಮಡಿಗೆ ಕುದುರೆ ಲಾಳದ ಹಾಗಿನ ಕಬ್ಬಿಣ, ಮುಂದೆ ಒಂದು ತಗಡು. ಮೇಲೆ ಉದ್ದ ಪಟ್ಟಿಯ ಬದಲು ದಪ್ಪ ನೇಯ್ಗೆಯ ಗಿಡ್ಡ ಆಂಕ್ಲೆಟ್ ಅಥವಾ ಗಿಡ್ಡ ಪಟ್ಟಿ. ಯುದ್ಧದ ಕೊನೆಯ ಹಂತದಲ್ಲಿ ಹಸಿರು ಕ್ಯಾನ್ವಾಸಿನ, ರಬ್ಬರ್ ಅಟ್ಟೆಯ ಕಾಡಿನ ಬೂಟು ಕೂಡ ಬಂತು.

ಹಾಗಾದರೆ ಯಾವುದನ್ನು ಹಾಕುವುದು? ಹೊಸ ಬೂಟು ಬಂತು ಅಂದ ಮಾತ್ರಕ್ಕೆ ಎಲ್ಲರ ಕಾಲಿಗೂ ಬಂತು ಅಂತ ಅರ್ಥ ಅಲ್ಲ. ನಿಮ್ಮ ದಳದ, ನಿಮ್ಮ ತಿಂಗಳಿನ ಫೋಟೋದಲ್ಲಿ ಕಾಡಿನ ಬೂಟು ಕಂಡರೆ ಅದನ್ನು ಹಾಕಿ. ಕಾಣದಿದ್ದರೆ ಅಮ್ಯುನಿಷನ್ ಬೂಟು. ಪ್ರದರ್ಶನದಲ್ಲಿ ಅಪರೂಪದ್ದನ್ನು ತೋರಿಸುವ ಆಸೆ ಎಲ್ಲರಿಗೂ ಇರ್ತದೆ. ನಿಲ್ಲಿಸುವುದು ಒಬ್ಬನೇ ಸೈನಿಕನನ್ನು ಅಂತಾದರೆ ಅವನ ಕಾಲಿಗೆ ಹೆಚ್ಚಿನವರು ಹಾಕಿದ್ದನ್ನೇ ಹಾಕಬೇಕು. ಇನ್ನೊಂದು ಮಾತು: ಬರ್ಮಾದಲ್ಲಿ ಆ ಹೊತ್ತಿಗೆ ಉಡುಪು ಖಾಕಿಯಿಂದ ಕಾಡಿನ ಹಸಿರಿಗೆ ಬದಲಾಗಿತ್ತು. ಬೂಟು 1945ರದ್ದು, ಅಂಗಿ 1940ರ ಖಾಕಿ ಅಂತಾದರೆ ಅದೂ ಸರಿಹೊಂದುವುದಿಲ್ಲ.

ಇಲ್ಲಿ ಶಬ್ದದ ಒಂದು ಗೊಂದಲವನ್ನೂ ಹೇಳಿಬಿಡ್ತೇನೆ. ವಾಯವ್ಯ ಗಡಿಯ ಇಂಗ್ಲಿಷ್ ದಾಖಲೆಗಳಲ್ಲಿ "ಚಪ್ಲಿ" ಅಂತ ಬರ್ತದೆ. ಅದು ನಾವು ಅಂಗಳದಲ್ಲಿ ಹಾಕುವ ಚಪ್ಪಲಿ ಅಲ್ಲ. ದಪ್ಪ ತೊಗಲಿನ, ಬಕಲ್ ಇರುವ, ಅಟ್ಟೆಗೆ ಮೊಳೆ ಹೊಡೆದ, ಬೆಟ್ಟ ಹತ್ತುವ ಮೆಟ್ಟು. ಅನುವಾದ ಮಾಡುವಾಗ "ಸೈನಿಕರು ಚಪ್ಪಲಿ ಹಾಕಿಕೊಂಡು ಹೋದರು" ಅಂತ ಬರೆದರೆ ಓದುಗನಿಗೆ ಬೇರೆಯೇ ಚಿತ್ರ ಬರ್ತದೆ.

5. 1962: ಒಳ್ಳೆಯ ಬೂಟೇ ಸುಳ್ಳಾಗುವ ಸಂದರ್ಭ

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 1962ರ ಅಕ್ಟೋಬರ್ 20ರಂದು ಈಶಾನ್ಯ ಗಡಿಯ ನಾಮ್ಕಾ ಚೂ ಕಣಿವೆಯಲ್ಲಿ ಚೀನಾದ ದಾಳಿ ಆಯಿತು. ಅಲ್ಲಿದ್ದ 7ನೇ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಜಾನ್ ದಳವಿ ಸೆರೆಯಾದರು. ಆಮೇಲೆ ಅವರು ಬರೆದ ಪುಸ್ತಕ "ಹಿಮಾಲಯನ್ ಬ್ಲಂಡರ್". ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದರು. ನಮ್ಮಲ್ಲಿ ತುಂಬ ಜನ ಓದಿದ್ದಾರೆ. ಸೈನ್ಯದ ವಿಚಾರದಲ್ಲಿ ಆಸಕ್ತಿ ಇಲ್ಲದವರಿಗೂ ಆ ಯುದ್ಧದ ಒಂದು ವಿವರ ಗೊತ್ತಿರುತ್ತದೆ: 10,000 ಅಡಿಗೂ ಮೇಲಿನ ಚಳಿಯಲ್ಲಿ ಹತ್ತಿಬಟ್ಟೆಯ ಸಮವಸ್ತ್ರ, ಕ್ಯಾನ್ವಾಸ್ ಶೂ.

ಈಗ ಒಂದು ಪ್ರದರ್ಶನದಲ್ಲಿ 1962ರ ಸೈನಿಕನನ್ನು ನಿಲ್ಲಿಸ್ತೇವೆ ಅಂತ ಇಟ್ಟುಕೊಳ್ಳಿ. ಅವನು ಹುತಾತ್ಮ, ಚೆನ್ನಾಗಿ ಕಾಣಬೇಕು ಅಂತ ಎಲ್ಲರಿಗೂ ಅನ್ನಿಸ್ತದೆ. ಯಾರೋ ಹೊಳೆಯುವ ತೊಗಲಿನ ಬೂಟು, ಉಣ್ಣೆಯ ದಪ್ಪ ಸಾಕ್ಸು ತಂದು ಹಾಕ್ತಾರೆ. ಉದ್ದೇಶ ಗೌರವದ್ದೇ. ಆದರೆ ಅವನು ಬದುಕಿದ್ದಾಗ ಕೊಡದೆ ಇದ್ದದ್ದನ್ನು ಸತ್ತ ಮೇಲೆ ಅವನ ಕಾಲಿಗೆ ಹಾಕಿದರೆ, ಕೊಡದೆ ಇದ್ದವರ ತಪ್ಪು ಮುಚ್ಚಿಹೋಗ್ತದೆ. ನೋಡಲು ಬಂದ ಶಾಲೆಯ ಮಗು "ಸೈನಿಕರಿಗೆ ಎಲ್ಲ ಇತ್ತು, ಆದರೂ ಸೋತರು" ಅಂತ ತಿಳಿದುಕೊಂಡು ಹೋಗ್ತದೆ.

ತೊಗಲಿನ ಬೂಟೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಸೈನ್ಯದಲ್ಲಿ ತೊಗಲಿನ ಬೂಟು ಇತ್ತು. ಆ ಎತ್ತರಕ್ಕೆ, ಆ ಹಿಮಕ್ಕೆ ಬೇಕಾದ ಬೂಟು ಬೇಕಾದಷ್ಟು ಜನರಿಗೆ ತಲುಪಿರಲಿಲ್ಲ. ಹಾಗಾಗಿ ಇಲ್ಲಿ ಸರಿಯಾದ ಆಯ್ಕೆ ಮಾಸಿದ ಕ್ಯಾನ್ವಾಸ್ ಶೂ. ನೋಡುವವರಿಗೆ ಕಸಿವಿಸಿ ಆಗ್ತದೆ. ಆಗಲಿ, ಪ್ರದರ್ಶನ ಹೇಳಬೇಕಾದ ವಿಚಾರ ಅದೇ.

6. ಆಧಾರಗಳ ತೂಕ

ಇಷ್ಟೆಲ್ಲ ಹೇಳುವಾಗ "ಯಾವುದನ್ನು ನಂಬಬೇಕು?" ಅನ್ನುವ ಪ್ರಶ್ನೆ ಬರ್ತದೆ. ನಾನು ಅನುಸರಿಸುವ ಕ್ರಮ ಹೀಗೆ.

ಎಲ್ಲಕ್ಕಿಂತ ಮೇಲೆ, ದಿನಾಂಕ ಮತ್ತು ಸ್ಥಳ ಗೊತ್ತಿರುವ ರಣರಂಗದ ಫೋಟೋ, ಅದರಲ್ಲಿ ಕಾಲು ಕಾಣಬೇಕು. ಹೆಚ್ಚಿನ ಫೋಟೋಗಳು ಸೊಂಟದ ಹತ್ತಿರ ಮುಗಿಯುತ್ತವೆ ಅನ್ನುವುದೇ ನಮ್ಮ ದುಃಖ. ಅದರ ನಂತರ, ಮುದ್ರೆ ಇರುವ ಮೂಲ ಬೂಟು. ಬ್ರಿಟಿಷ್ ಸರಕಾರದ ಸಾಮಾನಿಗೆ ಬಾಣದ ಗುರುತು ಇರ್ತದೆ. ತಯಾರಕರ ಹೆಸರು, ಅಳತೆ, ವರ್ಷ ಕೂಡ ಇರಬಹುದು. ಅಟ್ಟೆ ತಿರುಗಿಸಿ ನೋಡದೆ ಬೂಟಿನ ಕಾಲ ಹೇಳಬೇಡಿ.

ಮೂರನೆಯದು ಉಡುಪಿನ ನಿಯಮಾವಳಿ. ಇದನ್ನು ತುಂಬಾ ಜನ ಮೊದಲ ಸ್ಥಾನದಲ್ಲಿ ಇಡ್ತಾರೆ. ನಿಯಮ ಹೇಳುವುದು ಏನು ಹಾಕಬೇಕಿತ್ತು ಅಂತ. ಏನು ಹಾಕಿದ್ದರು ಅಂತ ಅಲ್ಲ. 1962ರ ಪಾಠವೇ ಅದು. ನಾಲ್ಕನೆಯದು ಕುಟುಂಬದವರ ನೆನಪು. ಬೂಟಿನ ಮಾದರಿ ಅವರಿಗೆ ನೆನಪಿರಲಿಕ್ಕಿಲ್ಲ. ಆದರೆ "ನಡೆಯುವಾಗ ಕಲ್ಲಿನ ಮೇಲೆ ಟಕ್ ಟಕ್ ಕೇಳ್ತಿತ್ತು" ಅಂದರೆ ಅಟ್ಟೆಯಲ್ಲಿ ಕಬ್ಬಿಣ ಇತ್ತು ಅಂತ ಆಯಿತಲ್ಲ! ಇಂಥ ಮಾತನ್ನು ಬರೆದುಕೊಳ್ಳಿ. ಸ್ಟುಡಿಯೋ ಫೋಟೋವನ್ನು ಸಂಶಯದಿಂದಲೇ ನೋಡಬೇಕು, ಯಾಕಂದರೆ ಅಲ್ಲಿಗೆ ಜನ ಇದ್ದದ್ದರಲ್ಲಿ ಒಳ್ಳೆಯದನ್ನು ಹಾಕಿಕೊಂಡು ಹೋಗ್ತಾರೆ. ಕೊನೆಯಲ್ಲಿ ಪ್ರತಿಮೆ, ವರ್ಣಚಿತ್ರ, ಸಿನೆಮಾ.

7. ಮಳೆಗಾಲ ಮತ್ತು ಫಲಕ

ಮೂಲ ಬೂಟು ಸಿಕ್ಕಿದರೆ ಅದನ್ನು ಬೊಂಬೆಯ ಕಾಲಿಗೆ ತುರುಕಬೇಡಿ. ಹಳೆಯ ತೊಗಲು ಬಾಗುವ ಜಾಗದಲ್ಲಿ ಸೀಳುತ್ತದೆ. ಆಮ್ಲ ಇಲ್ಲದ ಕಾಗದವನ್ನು ಹಗುರವಾಗಿ ತುಂಬಿಸಿ ಪಕ್ಕದಲ್ಲಿ ಇಡಿ. ಬೊಂಬೆಗೆ ಪ್ರತಿಕೃತಿ ಹಾಕಿ. ಪಾಲಿಶ್ ಹಚ್ಚಬೇಡಿ, ಎಣ್ಣೆಯೂ ಬೇಡ. ಗಾಳಿಯ ತೇವಾಂಶ 65 ಶೇಕಡಾ ದಾಟಿದರೆ ತೊಗಲಿಗೆ ಬೂಷ್ಟು ಹಿಡಿಯಲು ಶುರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟಿಯೇ ಇರ್ತದೆ. ಗಾಜಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಆಗಾಗ ಬದಲಾಯಿಸಿ, ಒಂದು ಚಿಕ್ಕ ತೇವಮಾಪಕ ಇಡಿ. ಹಿತ್ತಾಳೆಯ ತೂತುಗಳ ಸುತ್ತ ಹಸಿರು ಕಿಲುಬು ಕಂಡರೆ ಕೆರೆದು ತೆಗೆಯಲು ಹೋಗದೆ ತಿಳಿದವರಿಗೆ ತೋರಿಸಿ.

ಫಲಕದಲ್ಲಿ ಮೂರು ವಿಷಯ ಇರಲೇಬೇಕು: ಯಾವುದು ಮೂಲ, ಯಾವುದು ಪ್ರತಿಕೃತಿ, ಆಯ್ಕೆಗೆ ಆಧಾರ ಏನು. ಉದಾಹರಣೆಗೆ: "ಅಂಗಿ ಮತ್ತು ಪದಕ ಮೂಲ, ಕುಟುಂಬದ ಕೊಡುಗೆ. ಬೂಟು ಪ್ರತಿಕೃತಿ, 1945ರ ಫೋಟೋ ನೋಡಿ ಮಾಡಿದ್ದು." ಎರಡು ಸಾಲು ಸಾಕು.

8. ಸಂವಾದದಿಂದ

ಒಬ್ಬ ವಿದ್ಯಾರ್ಥಿನಿ: ಸರ್, ಕಾಲೇಜಿನ ಪ್ರದರ್ಶನಕ್ಕೆ ಅಷ್ಟು ಹಣ ಇರುವುದಿಲ್ಲ. ಪ್ರತಿಕೃತಿ ವಿದೇಶದಿಂದ ತರಿಸಬೇಕಾಗ್ತದಲ್ಲ?

ಉತ್ತರ: ತರಿಸಬೇಕು ಅಂತಿಲ್ಲ. ಪೇಟೆಯಲ್ಲಿ ಬೂಟು ಹೊಲಿಯುವವರು ಇನ್ನೂ ಇದ್ದಾರೆ. ಸ್ಪಷ್ಟ ಫೋಟೋ, ಅಳತೆ ಕೊಟ್ಟರೆ ತೊಗಲಿನ ಅಟ್ಟೆ ಹಾಕಿ, ಮೊಳೆ ಹೊಡೆದು ಕೊಡ್ತಾರೆ. ಹಾಗೆ ಮಾಡಿಸಿದರೆ ಹೊಲಿದವರ ಹೆಸರನ್ನು, ಅವರ ಒಪ್ಪಿಗೆ ಕೇಳಿ, ಫಲಕದಲ್ಲಿ ಹಾಕಿ. ಅದೂ ಆಗದಿದ್ದರೆ ಕಾಲಿನ ಭಾಗ ಖಾಲಿ ಬಿಟ್ಟು, ಆ ಕಾಲದ ಬೂಟಿನ ಚಿತ್ರವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ಕೆಳಗೆ ಇಡಬಹುದು. ತಪ್ಪು ಬೂಟಿಗಿಂತ ಖಾಲಿ ಜಾಗ ಒಳ್ಳೆಯದು.

ಒಬ್ಬ ಅಧ್ಯಾಪಕಿ: ಹುತಾತ್ಮರ ಭಾವಚಿತ್ರಕ್ಕೆ ಮಾಲೆ ಹಾಕಿ ದೀಪ ಹಚ್ಚುವ ಕಡೆ ಬೂಟು ಇಟ್ಟರೆ ಮನೆಯವರಿಗೆ ಬೇಸರ ಆಗುವುದಿಲ್ವಾ?

ಉತ್ತರ: ಆಗಬಹುದು ಟೀಚರ್, ಅದನ್ನು ತಳ್ಳಿಹಾಕಬಾರದು. ಮೊದಲು ಅವರನ್ನು ಕೇಳಬೇಕು. ಭಾವಚಿತ್ರ, ದೀಪ ಒಂದು ಕಡೆ. ಸಮವಸ್ತ್ರ ಇನ್ನೊಂದು ಕಡೆ ಬೇರೆ ಪೀಠದಲ್ಲಿ ಅಂತ ಮಾಡಿದರೆ ಸಾಮಾನ್ಯವಾಗಿ ಒಪ್ಪಿಕೊಳ್ತಾರೆ. ಯಾಕೆ ಇಡ್ತೇವೆ ಅಂತ ವಿವರಿಸಿದರೆ ಅವರೇ ಹೊಸ ವಿಷಯ ಹೇಳ್ತಾರೆ. ಕಾಲು ನೋವಿನ ವಿಷಯ, ಕೆಸರಿನಲ್ಲಿ ಹುಣ್ಣಾದ ವಿಷಯ ಪದಕದ ಮುಂದೆ ಯಾರೂ ಮಾತಾಡುವುದಿಲ್ಲ. ಬೂಟಿನ ಮಾತು ಬಂದಾಗ ಮಾತಾಡ್ತಾರೆ.

ಒಬ್ಬ ಸಂಶೋಧನಾ ವಿದ್ಯಾರ್ಥಿ: ಒಂದೇ ಬೊಂಬೆಯಲ್ಲಿ "ಭಾರತೀಯ ಸೈನಿಕ" ಅಂತ ಸಾಮಾನ್ಯವಾಗಿ ತೋರಿಸಿದರೆ ಈ ತೊಂದರೆಗಳೆಲ್ಲ ತಪ್ಪುವುದಿಲ್ವಾ?

ಉತ್ತರ: ಸಾಮಾನ್ಯ ಸೈನಿಕ ಅಂತ ಯಾರೂ ಇರಲಿಲ್ಲ. ಹೈಫಾದ ಸವಾರನಿಗೆ ಸ್ಪರ್ ಇತ್ತು, ಅರಕಾನಿನ ಕಾಲಾಳಿಗೆ ಮೊಳೆ ಹೊಡೆದ ಅಟ್ಟೆ, ನಾಮ್ಕಾ ಚೂವಿನವನಿಗೆ ಕ್ಯಾನ್ವಾಸ್. ವರ್ಷ, ಸ್ಥಳ, ದಳ ಬರೆದೇ ಬೊಂಬೆ ನಿಲ್ಲಿಸಿ. ಒಂದೇ ಬೊಂಬೆ ಇದ್ದರೆ ಒಬ್ಬನ ಕಥೆಯನ್ನೇ ಪೂರ್ತಿ ಹೇಳಿ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸೈನ್ಯದಲ್ಲಿದ್ದವರ ಫೋಟೋ ಇದ್ದರೆ, ಕಾಲು ಕಾಣುವಂಥದ್ದು ಇದ್ದರೆ, ಹಿಂಬದಿಯ ಬರಹ ಸಮೇತ ಪ್ರತಿ ಮಾಡಿಸಿ ಇಟ್ಟುಕೊಳ್ಳಿ. ಅದನ್ನು ಗುರುತಿಸಬಲ್ಲ ಹಿರಿಯರು ಇನ್ನು ಕೆಲವರೇ ಉಳಿದಿರುವುದು.